ಬೋರ್‌ವೆಲ್ ನೀರಿನ ಫ್ಲೋರೈಡ್: ನೀವೆಲ್ಲ ಏನು ಮಾಡಿದಿರಿ?

ನಾಗಮಂಗಲದ ಹತ್ತಿರ ಹೊಸ ಮನೆಗೆ ಬಂದಿದ್ದೇವೆ. ಬೋರ್‌ವೆಲ್ ನೀರೇ ಗತಿ. ಮಗಳಿಗೆ 5 ವರ್ಷ. ಅಮೆರಿಕದಲ್ಲಿ ಫ್ಲೋರೈಡ್ ಬೇಕು, ಬೇಡ ಅಂತ ಜಗಳ ನಡೆಯುತ್ತಿದೆ ಅಲ್ವಾ? ಫ್ಲೋರೈಡ್ ಇರುವ ಪೇಸ್ಟನ್ನೂ ಬಿಡಿಸಬೇಕಾ? ಅನುಭವ ಇದ್ದವರು ಹೇಳಿ.

ಉತ್ತರ 1: ನಮ್ಮದೂ ಬೋರ್‌ವೆಲ್ಲೇ. ಅಣ್ಣನ ಮಗನಿಗೆ ಹಾಲುಹಲ್ಲು ಬಿದ್ದು ಹೊಸದು ಬಂದಾಗ ಮುಂದಿನ ಎರಡರ ಮೇಲೂ ಸುಣ್ಣ ಎರಚಿದ ಹಾಗೆ ಬಿಳಿ ಗೆರೆ. ಆಮೇಲೆ ಅದೇ ಕಂದು ಬಣ್ಣಕ್ಕೆ ತಿರುಗಿತು. ಸರಿಯಾಗಿ ಉಜ್ಜಲ್ಲ ಅಂತ ಅತ್ತಿಗೆ ದಿನಾ ಬೈಯುತ್ತಿದ್ದರು, ಪಾಪ. ಉಜ್ಜಿದರೆ ಹೋಗುವ ಕಲೆ ಅದಲ್ಲ. ಹಲ್ಲು ಒಸಡಿನೊಳಗೆ ಬೆಳೆಯುವಾಗಲೇ ಆಗುವಂಥದ್ದು. ನೀರು ಪರೀಕ್ಷೆ ಮಾಡಿಸಿದರೆ ಫ್ಲೋರೈಡ್ ಒಂದೂವರೆ ದಾಟಿತ್ತು. ನಮ್ಮಲ್ಲಿ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರೇ ಇಲ್ಲದಿದ್ದರೆ 1.5 ತನಕ ಅಂತ ಮಾನದಂಡ.

ಅದಕ್ಕೂ ಮುಂಚೆ ವರ್ಷಗಟ್ಟಲೆ ಕುದಿಸಿ ಕುಡಿದಿದ್ದೆವು. ಕುದಿಸಿದರೆ ಫ್ಲೋರೈಡ್ ಹೋಗಲ್ಲ, ನೀರು ಆವಿಯಾದಷ್ಟೂ ಗಟ್ಟಿಯಾಗುತ್ತದೆ! ಕ್ಯಾಂಡಲ್ ಫಿಲ್ಟರ್‌ನಿಂದಲೂ ಆಗಲ್ಲ. ಈಗ ಆರ್‌ಓ ಹಾಕಿಸಿದ್ದೇವೆ. ಕುಡಿಯೋಕೆ ಮಾತ್ರ ಅಲ್ಲ, ಸಾರಿಗೂ ಕಾಫಿಗೂ ಅದೇ ನೀರು.

ಉತ್ತರ 2: ಅಮೆರಿಕದ ಜಗಳವೇ ಬೇರೆ. ಅಲ್ಲಿ ಹಲ್ಲಿನ ಹುಳುಕು ಕಡಿಮೆಯಾಗಲಿ ಅಂತ ಬೇಕೆಂದೇ ನಲ್ಲಿ ನೀರಿಗೆ ಫ್ಲೋರೈಡ್ ಬೆರೆಸುತ್ತಾರೆ. 1945ರಲ್ಲಿ ಗ್ರ್ಯಾಂಡ್ ರ್‍ಯಾಪಿಡ್ಸ್ ಊರಲ್ಲಿ ಶುರುವಾಗಿದ್ದು. ಈಗಿನ ಸಲಹೆ ಲೀಟರಿಗೆ 0.7 ಮಿಲಿಗ್ರಾಂ. 1.5 ದಾಟಿದ ಕಡೆ ಮಕ್ಕಳ ಐಕ್ಯೂ ಕಡಿಮೆ ಕಂಡಿದೆ ಅಂತ 2024ರಲ್ಲಿ ಅಲ್ಲಿನ ಸರ್ಕಾರಿ ವರದಿ ಬಂತು. 0.7ರ ಬಗ್ಗೆ ಅದು ತೀರ್ಮಾನ ಹೇಳಲಿಲ್ಲ. 2025ರಲ್ಲಿ ಯೂಟಾ ರಾಜ್ಯ ಬೆರೆಸುವುದನ್ನೇ ನಿಷೇಧಿಸಿತು. ನಮಗೆ ಯಾರೂ ಬೆರೆಸುವುದು ಬೇಡ, ಬಂಡೆಯಿಂದಲೇ ಇಳಿಯುತ್ತದೆ. ಅವರ ವಾದ ಓದಿ ಸುಮ್ನೆ ತಲೆ ಕೆಡಿಸಿಕೊಳ್ಳಬೇಡಿ, ನಿಮ್ಮ ಬೋರಿನ ಲೆಕ್ಕ ನೋಡಿ.

ಉತ್ತರ 3: ಪೇಸ್ಟ್ ಬಿಡಿಸಬೇಡಿ. ಬಟಾಣಿ ಕಾಳಿನಷ್ಟು ಹಾಕಿ, ನುಂಗದೆ ಉಗುಳಲಿ. ನಮ್ಮ ಮಗ ಸ್ಟ್ರಾಬೆರಿ ಪೇಸ್ಟ್ ಅಂತ ಚಪ್ಪರಿಸಿ ತಿನ್ನುತ್ತಿದ್ದ, ಅದಕ್ಕೇ ಸಪ್ಪೆ ಪೇಸ್ಟಿಗೆ ಬದಲಾಯಿಸಿದೆ. ಮೈಸೂರಲ್ಲಿ ನಮಗೆ ಕಾವೇರಿ ನೀರು, ಫ್ಲೋರೈಡ್ ಚಿಂತೆ ಅಷ್ಟಿಲ್ಲ.

ಕೇಳಿದವರು: ಥ್ಯಾಂಕ್ಸ್. ಆರ್‌ಓ ಅಂಗಡಿಯವನಿಗೆ ಅಡ್ವಾನ್ಸ್ ಕೊಡುವುದರಲ್ಲಿದ್ದೆ, ಮೊದಲು ನೀರು ಪರೀಕ್ಷೆ ಮಾಡಿಸುತ್ತೇನೆ. ಗಾಜಿನ ಬಾಟಲಿಯಲ್ಲಿ ತೆಗೆದುಕೊಂಡು ಹೋಗಲಾ?

ಉತ್ತರ 1: ಗಾಜು ಬೇಡ, ಪ್ಲಾಸ್ಟಿಕ್ಕೇ ಇರಲಿ. ಫ್ಲೋರೈಡಿಗೆ ಗಾಜಿನ ಜೊತೆ ಆಗಿಬರಲ್ಲ. ಮೋಟರ್ ಹಾಕಿ ಐದು ನಿಮಿಷ ಬಿಟ್ಟು ಹಿಡಿಯಿರಿ.