ಲಕ್ಕುಂಡಿ ಶಿಲ್ಪ ಸಂಗ್ರಹಾಲಯ: ಮಕ್ಕಳಿಗೆ ಹೇಗೆ ತೋರಿಸಲಿ?

ಹುಬ್ಬಳ್ಳಿ ಡ್ರಾಯಿಂಗ್ ಟೀಚರ್

ಎಲ್ಲರಿಗೂ ನಮಸ್ಕಾರ. ನಾನು ಹುಬ್ಬಳ್ಳಿಯ ಒಂದು ಹೈಸ್ಕೂಲಿನಲ್ಲಿ ಚಿತ್ರಕಲೆ ಕಲಿಸುತ್ತೇನೆ. ಒಂಬತ್ತನೇ ಕ್ಲಾಸಿನ ಮಕ್ಕಳನ್ನು ಗದಗ ಹತ್ತಿರದ ಲಕ್ಕುಂಡಿಗೆ ಕರೆದುಕೊಂಡು ಹೋಗಬೇಕು ಅಂತಿದ್ದೇನೆ. ಅಲ್ಲಿನ ಶಿಲ್ಪ ಸಂಗ್ರಹಾಲಯ ತೋರಿಸುವುದೇ ಮುಖ್ಯ ಉದ್ದೇಶ. ಒಂದೇ ಚಿಂತೆ. ಮ್ಯೂಸಿಯಂ ಅಂದರೆ ಮಕ್ಕಳು ಸಾಲಾಗಿ ಒಳಗೆ ಹೋಗಿ ಸಾಲಾಗಿ ಹೊರಗೆ ಬಂದುಬಿಡುತ್ತಾರೆ. ಬೋರ್ಡಿನಲ್ಲಿ ಇದ್ದದ್ದನ್ನೆಲ್ಲ ಬರೆದುಕೊಂಡಿರುತ್ತಾರೆ, ಮೂರ್ತಿಯನ್ನು ಮಾತ್ರ ಸರಿಯಾಗಿ ನೋಡಿರುವುದಿಲ್ಲ. ಕೈ ಮುರಿದ, ಮೂಗು ಹೋದ ಕಲ್ಲಿನ ಮುಂದೆ ಅವರನ್ನು ನಿಲ್ಲಿಸುವುದು ಹೇಗೆ? ಮೊದಲು ಮ್ಯೂಸಿಯಂ ತೋರಿಸಲೋ, ಗುಡಿಗಳನ್ನೋ? ಆ ಕಡೆಯವರು ಯಾರಾದರೂ ಹೇಳಿ.

ಬೆಟಗೇರಿ ಮಾಸ್ತರ್

ಮೇಡಂ, ಮೊದಲು ಗುಡಿ. ಇದರಲ್ಲಿ ಎರಡು ಮಾತಿಲ್ಲ. ನಾನೂ ಡ್ರಾಯಿಂಗ್ ಮಾಸ್ತರ್ ಆಗಿದ್ದವನು, ಈಗ ನಿವೃತ್ತ. ಮ್ಯೂಸಿಯಂನಲ್ಲಿರುವ ಕಲ್ಲುಗಳು ಒಂದು ಕಾಲಕ್ಕೆ ಯಾವುದೋ ಗೋಡೆಯಲ್ಲಿ, ಗೂಡಿನಲ್ಲಿ, ಬಾಗಿಲ ಮೇಲೆ ಇದ್ದವು. ಆ ಜಾಗ ಎಂಥದ್ದು ಅಂತ ನೋಡದೆ ಬಂದ ಹುಡುಗನಿಗೆ ಅದು ಬರೀ ಮುರಿದ ಕಲ್ಲು.

ಕಾಶಿ ವಿಶ್ವೇಶ್ವರ ಗುಡಿಯಿಂದ ಶುರು ಮಾಡಿ. ಅಲ್ಲಿ ಶಿವನ ಗರ್ಭಗುಡಿ, ಸೂರ್ಯನ ಗರ್ಭಗುಡಿ ಎದುರುಬದುರು ಇವೆ. ಬಾಗಿಲುವಾಡದ, ಅಂದರೆ ಬಾಗಿಲ ಚೌಕಟ್ಟಿನ ಹತ್ತಿರ ಮಕ್ಕಳನ್ನು ಸುಮ್ನೆ ನಿಲ್ಲಿಸಿ. ಪಟ್ಟಿಯ ಪಕ್ಕ ಪಟ್ಟಿ, ಬಳ್ಳಿಯ ಸುರುಳಿಯೊಳಗೆ ಸಣ್ಣ ಸಣ್ಣ ರೂಪಗಳು. ಬಳ್ಳಿಯ ಬೆನ್ನಿಗೂ ಉಳಿ ಹಾಕಿ ಕಲ್ಲು ತೆಗೆದಿದ್ದಾರೆ. ಅದಕ್ಕೇ ಅಲ್ಲಿ ಕಪ್ಪನೆ ನೆರಳು ಕೂರುತ್ತದೆ, ಬಳ್ಳಿ ಎದ್ದು ಕಾಣುತ್ತದೆ. ಪೆನ್ಸಿಲ್ ಶೇಡಿಂಗ್ ಕಲಿಸುವುದಕ್ಕೆ ನನಗೆ ಗೊತ್ತಿರುವ ಅತ್ಯಂತ ಒಳ್ಳೆಯ ಜಾಗ ಅದು.

ಇಷ್ಟು ನಾಜೂಕಾಗಿ ಹೇಗೆ ಕೆತ್ತಿದರು ಅಂತ ಮಕ್ಕಳು ಕೇಳೇ ಕೇಳುತ್ತಾರೆ. ಕಲ್ಲಿನ ಕಥೆ ಹೇಳಿ. ಬಾದಾಮಿ, ಐಹೊಳೆ, ಪಟ್ಟದಕಲ್ಲಿನ ಗುಡಿಗಳು ಮರಳುಗಲ್ಲಿನವು. ಲಕ್ಕುಂಡಿಯ ಹೊತ್ತಿಗೆ, ಅಂದರೆ ಕಲ್ಯಾಣ ಚಾಲುಕ್ಯರ ಕಾಲಕ್ಕೆ, ಬಳಪದ ಕಲ್ಲಿನ ಜಾತಿಯ ಕಲ್ಲು ಬಳಕೆಗೆ ಬಂತು. ನೆಲದಿಂದ ತೆಗೆದಾಗ ಮೆತ್ತಗಿರುತ್ತದೆ, ಗಾಳಿಗೆ ಬಿದ್ದ ಮೇಲೆ ಗಟ್ಟಿಯಾಗುತ್ತದೆ. ಕಂಬಗಳನ್ನೂ ಬುಗುರಿ ಕಡೆದ ಹಾಗೆ ತಿರುಗಿಸಿ ಕಡೆದದ್ದು. ಮಕ್ಕಳು ಮುಟ್ಟದಂತೆ ನೋಡಿಕೊಳ್ಳಿ, ಹತ್ತಿರ ಹೋಗಿ ನೋಡಲಿ.

ಆಮೇಲೆ ಬ್ರಹ್ಮ ಜಿನಾಲಯ, ಅದು ಜೈನ ಬಸದಿ. 1007ರಲ್ಲಿ ಅತ್ತಿಮಬ್ಬೆ ಕಟ್ಟಿಸಿದ್ದು. ಕವಿ ಪೊನ್ನನ ಶಾಂತಿಪುರಾಣವನ್ನು ಸಾವಿರ ಪ್ರತಿ ಮಾಡಿಸಿ ಹಂಚಿದ ಮಹಾತಾಯಿ. ಅಚ್ಚು ಇಲ್ಲದ ಕಾಲದಲ್ಲಿ, ಒಂದೊಂದು ಪ್ರತಿಯನ್ನೂ ಕೈಯಿಂದಲೇ ಬರೆಸಬೇಕಿತ್ತು! ಇದನ್ನು ಅಲ್ಲೇ ನಿಂತು ಹೇಳಿ, ಕ್ಲಾಸಿನಲ್ಲಿ ಹೇಳಿದರೆ ತಲೆಗೆ ಹೋಗುವುದಿಲ್ಲ. ನಾಲ್ಕು ಮುಖದ ಬ್ರಹ್ಮನ ಮೂರ್ತಿ ಒಳಗಿದೆ, ತಪ್ಪಿಸಬೇಡಿ.

ಇಷ್ಟಾದ ಮೇಲೆ ಮ್ಯೂಸಿಯಂ. ಎಲ್ಲವನ್ನೂ ತೋರಿಸಲು ಹೋಗಬೇಡಿ. ಒಬ್ಬರಿಗೆ ಒಂದು ಮೂರ್ತಿ, ಅಷ್ಟೇ. ಕೈ ಮುರಿದಿದ್ದರೆ ಮುರಿದ ಹಾಗೇ ಬರೆಯಲಿ, ತಮ್ಮ ಮನಸ್ಸಿನಿಂದ ಕೈ ಸೇರಿಸುವುದು ಬೇಡ. ಪಕ್ಕಕ್ಕೆ ಹೋಗಿ ಕಲ್ಲಿನ ದಪ್ಪ ನೋಡಲಿ. ಹಿಂಬದಿ ಕಾಣುವಂತಿದ್ದರೆ ಅದನ್ನೂ ನೋಡಲಿ. ಗೋಡೆಗೆ ಕೂರುವ ಕಲ್ಲಿನ ಬೆನ್ನನ್ನು ಯಾರೂ ನುಣುಪು ಮಾಡುವುದಿಲ್ಲ. ಆಮೇಲೆ ಒಂದೇ ಪ್ರಶ್ನೆ ಕೇಳಿ: ಇದು ಗುಡಿಯ ಯಾವ ಜಾಗದಲ್ಲಿ ಇದ್ದಿರಬಹುದು? ಬೆಳಿಗ್ಗೆ ಗುಡಿ ನೋಡಿದ ಮಕ್ಕಳು ಇದಕ್ಕೆ ಜಗಳ ಮಾಡಿಕೊಂಡು ಉತ್ತರ ಕೊಡುತ್ತಾರೆ. ನಿಮಗೆ ಬೇಕಾದದ್ದೂ ಅದೇ ಅಲ್ವಾ?

ಸಾಧನಕೇರಿ ಅಕ್ಕ

ಮಾಸ್ತರ ಮಾತು ಒಪ್ಪುತ್ತೇನೆ, ಒಂದು ಬಿಟ್ಟು. ಬಿಸಿಲಲ್ಲಿ ಗುಡಿ ಸುತ್ತಿ ದಣಿದ ಮಕ್ಕಳಿಗೆ ಮಧ್ಯಾಹ್ನ ಮೂರ್ತಿ ಬರೆಯುವ ತಾಳ್ಮೆ ಉಳಿಯುವುದಿಲ್ಲ. ಎರಡು ಗುಡಿ ಸಾಕು. ಇನ್ನೊಂದು ಮಾತು. ಲಕ್ಕುಂಡಿಗೆ ಹೋಗುವ ಮೊದಲು ಧಾರವಾಡದಲ್ಲಿ ಕನ್ನಡ ಸಂಶೋಧನ ಸಂಸ್ಥೆಯ ಸಂಗ್ರಹಾಲಯ ತೋರಿಸಿ. 1939ರಲ್ಲಿ ಶುರುವಾದ ಸಂಸ್ಥೆ, ಕರ್ನಾಟಕ ವಿಶ್ವವಿದ್ಯಾಲಯದಲ್ಲಿದೆ. ನಿಮಗೆ ಹತ್ತಿರ. ಅಲ್ಲಿ ವೀರಗಲ್ಲನ್ನು, ಅಂದರೆ ಹೋರಾಡಿ ಸತ್ತ ವೀರನ ನೆನಪಿಗೆ ನಿಲ್ಲಿಸಿದ ಕಲ್ಲನ್ನು, ಕೆಳಗಿನಿಂದ ಮೇಲಕ್ಕೆ ಓದುವುದು ಕಲಿಸಿ. ಕೆಳಗೆ ಹೋರಾಟ, ನಡುವೆ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ದೇವರ ಸನ್ನಿಧಿ, ತುದಿಯಲ್ಲಿ ಸೂರ್ಯ ಚಂದ್ರ. ಒಂದು ಕಲ್ಲನ್ನು ಓದಲು ಬಂದರೆ ಮಕ್ಕಳಿಗೆ ಉಳಿದ ಕಲ್ಲುಗಳ ಭಯ ಹೋಗುತ್ತದೆ.

ಹುಬ್ಬಳ್ಳಿ ಡ್ರಾಯಿಂಗ್ ಟೀಚರ್

ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಒಬ್ಬರಿಗೆ ಒಂದು ಮೂರ್ತಿ ಅನ್ನುವುದು ಮನಸ್ಸಿಗೆ ಹಿಡಿಸಿತು. ಮಾಸ್ತರೇ, ಜೈನ ಮೂರ್ತಿ ಯಾವುದು ಅಂತ ಮಕ್ಕಳು ಹೇಗೆ ಗುರುತಿಸಬೇಕು? ಕಾಗದ ಇಟ್ಟು ಪೆನ್ಸಿಲ್ ಉಜ್ಜಿ ಅಚ್ಚು ತೆಗೆಯಬಹುದಾ?

ಬೆಟಗೇರಿ ಮಾಸ್ತರ್

ಉಜ್ಜುವುದು ಬೇಡವೇ ಬೇಡ ಮೇಡಂ. ಆ ಕಲ್ಲಿಗೆ ಗೀರು ಬೇಗ ಬೀಳುತ್ತದೆ. ಕಣ್ಣಿನಿಂದ ನೋಡಿ ಬರೆಯಲಿ. ತಲೆಯ ಮೇಲೆ ಮುಕ್ಕೊಡೆ (ಒಂದರ ಮೇಲೊಂದು ಮೂರು ಕೊಡೆ), ಮೈಮೇಲೆ ಆಭರಣ ಇಲ್ಲ, ನೇರ ನಿಲುವು ಅಥವಾ ಪದ್ಮಾಸನ ಇದ್ದರೆ ತೀರ್ಥಂಕರ. ಏಳು ಹೆಡೆಯ ಹಾವು ಇದ್ದರೆ ಪಾರ್ಶ್ವನಾಥ.

ಅಕ್ಕ ಹೇಳಿದ್ದು ಸರಿ, ಎರಡೇ ಗುಡಿ ಇಟ್ಟುಕೊಳ್ಳಿ. ಸಂಜೆ ಹೊತ್ತಿದ್ದರೆ ಮಾಣಿಕೇಶ್ವರ ಗುಡಿ ಪಕ್ಕದ ಮುಸುಕಿನ ಬಾವಿಗೆ ಹೋಗಿ. ಮೆಟ್ಟಿಲ ನಡುವೆ ಸಾಲಾಗಿ ಇಟ್ಟ ಪುಟ್ಟ ಗುಡಿಗಳಿವೆ, ಮಕ್ಕಳು ಬರೆಯದೆ ಬಿಡುವುದಿಲ್ಲ. ಮ್ಯೂಸಿಯಂ ರಜೆ ಯಾವತ್ತು ಅಂತ ಮಾತ್ರ ಹೊರಡುವ ಮೊದಲು ವಿಚಾರಿಸಿಕೊಳ್ಳಿ. ಡ್ರಾಯಿಂಗ್ ಬೋರ್ಡು, ಕ್ಲಿಪ್ಪು ಜಾಸ್ತಿ ತಗೊಂಡು ಬನ್ನಿ. ಅಲ್ಲಿ ಗಾಳಿ ಜೋರು.