5 ಅಡಿ ಟೇಬಲ್‌ಗೆ ಎಷ್ಟು ಇಂಚಿನ ಬಟ್ಟೆ? ಶಾಮಿಯಾನದವರನ್ನೇ ಕೇಳೋಣ

ಪ್ರಶ್ನೆ: ಅಕ್ಕಾ, ಮುಂದಿನ ತಿಂಗಳು ತುಮಕೂರಿನಲ್ಲಿ ನಮ್ಮ ಅಪ್ಪನ ಅರವತ್ತರ ಶಾಂತಿ ಇದೆ. ಬೆಳಿಗ್ಗೆ ಹೋಮ, ಮಧ್ಯಾಹ್ನ ಎಲೆ ಊಟ, ಸಂಜೆ ಅಪ್ಪನ ಆಫೀಸಿನವರಿಗೆ ಬಫೆ. ಹಾಲ್‌ನಲ್ಲಿ 5 ಅಡಿಯ ರೌಂಡ್ ಟೇಬಲ್‌ಗಳಿವೆ. ಬಫೆಗೆ 6 ಅಡಿ ಉದ್ದ, ಎರಡೂವರೆ ಅಡಿ ಅಗಲದ ಮೂರು ಟೇಬಲ್ ಸಾಲಾಗಿ ಜೋಡಿಸುತ್ತಾರಂತೆ. ಬಟ್ಟೆ ಬಾಡಿಗೆಗೆ ಕೊಡುವವರು ರೌಂಡ್‌ಗೆ 90, 108, 120 ಇಂಚು ಮೂರೂ ಇದೆ, ಯಾವುದು ಬೇಕು ಹೇಳಿ ಅಂದರು. ನಂಗೆ ಏನೂ ತಿಳಿಯಲಿಲ್ಲ. ದೊಡ್ಡದನ್ನೇ ತಗೊಂಡುಬಿಡಲಾ?

ಉತ್ತರ: ಬೇಡ, ದೊಡ್ಡದು ಅಂತ ಸುಮ್ನೆ ತಗೋಬೇಡಿ. ಮೊದಲು ಒಂದು ವಿಷಯ ನೋಡಿಕೊಳ್ಳಿ: ಆ ಟೇಬಲ್‌ಗೆ ಜನ ಕುರ್ಚಿ ಹಾಕಿ ಕೂರುತ್ತಾರಾ, ಇಲ್ಲಾ ಎದುರು ನಿಂತು ಹೋಗುತ್ತಾರಾ? ಬಟ್ಟೆ ಎಷ್ಟು ಕೆಳಗೆ ಇಳಿಯಬೇಕು ಅನ್ನೋದು ಅದರಿಂದಲೇ ತೀರ್ಮಾನ ಆಗೋದು. ಲೆಕ್ಕ ಸುಲಭ. ಟೇಬಲ್ಲಿನ ಅಳತೆಗೆ, ಎರಡೂ ಕಡೆ ಎಷ್ಟು ಇಳಿಯಬೇಕೋ ಅಷ್ಟು ಸೇರಿಸಿ. ನಿಮ್ಮದು 60 ಇಂಚು. 90ರ ಬಟ್ಟೆ ಹಾಕಿದರೆ ಸುತ್ತಲೂ 15 ಇಂಚು ಇಳಿಯುತ್ತದೆ, 108 ಹಾಕಿದರೆ 24, 120 ಹಾಕಿದರೆ 30. ಟೇಬಲ್ ಎತ್ತರ ಸಾಮಾನ್ಯವಾಗಿ 30 ಇಂಚು ಇರುವುದರಿಂದ 120 ಅಂದರೆ ನೆಲಕ್ಕೆ ತಾಗುತ್ತದೆ.

ಕೂತು ತಿನ್ನುವ ಟೇಬಲ್‌ಗೆ ನಾನು 90 ಹೇಳುತ್ತೇನೆ. ಕುರ್ಚಿಯ ಸೀಟು ನೆಲದಿಂದ ಸುಮಾರು 18 ಇಂಚು ಮೇಲಿರುತ್ತದೆ, ಹಾಗಾಗಿ ಬಟ್ಟೆಯ ಅಂಚು ತೊಡೆಯ ಹತ್ತಿರ ಬಂದು ನಿಲ್ಲುತ್ತದೆ, ಯಾರಿಗೂ ತೊಂದರೆ ಇಲ್ಲ. ನೆಲದವರೆಗೆ ಇಳಿದಿದ್ದರೆ ಕಾಲು ಒಳಗೆ ಹಾಕುವಾಗ ಬಟ್ಟೆಯೂ ಜೊತೆಗೆ ಹೋಗುತ್ತದೆ, ಏಳುವಾಗ ಅದರ ಮೇಲೇ ಕಾಲಿಟ್ಟು ಏಳುತ್ತಾರೆ, ಮೇಲಿದ್ದ ಸಾಂಬಾರ್ ಬಟ್ಟಲು ಯಾರ ರೇಷ್ಮೆ ಸೀರೆ ಮೇಲೆ ಬೀಳುತ್ತದೋ ಹೇಳಕ್ಕಾಗಲ್ಲ. ಅಪ್ಪನ ವಯಸ್ಸಿನವರು ಬರುವ ಕಾರ್ಯಕ್ರಮ, ಇದನ್ನು ಹಗುರವಾಗಿ ತಗೋಬೇಡಿ. ಟೇಬಲ್ ಕಾಲು ತುಕ್ಕು ಹಿಡಿದು ಫೋಟೋದಲ್ಲಿ ಕೆಟ್ಟದಾಗಿ ಕಾಣುತ್ತೆ ಅನ್ನಿಸಿದರೆ 108 ತಗೊಳ್ಳಿ. ನೆಲದಿಂದ 6 ಇಂಚು ಮೇಲಿರುತ್ತೆ, ಟೇಬಲ್ ಕಾಲಿನ ಮುಕ್ಕಾಲು ಪಾಲು ಮುಚ್ಚುತ್ತೆ. 120 ಒಂದೇ ಒಂದು ತಗೊಳ್ಳಿ, ಕೇಕ್ ಅಥವಾ ಉಡುಗೊರೆ ಇಡುವ ಟೇಬಲ್‌ಗೆ.

ಇನ್ನೊಂದು, ಹಾಲ್‌ಗೆ ಹೋಗಿ ಟೇಪ್ ಹಿಡಿದು ಅಳೆಯಿರಿ. ಬಾಯಲ್ಲಿ 5 ಅಡಿ ಅಂದರೂ ಅಳೆದಾಗ ನಾಲ್ಕೂವರೆ ಬರುವುದುಂಟು. ಆಗ 120ರ ಬಟ್ಟೆ 3 ಇಂಚು ನೆಲದ ಮೇಲೆ ಬಿದ್ದಿರುತ್ತದೆ, ಎಡವುವುದಕ್ಕೆ ಅಷ್ಟು ಸಾಕು. ಎತ್ತರವನ್ನೂ ಅಳೆಯಿರಿ.

ಬಫೆ ಸಾಲಿನ ಲೆಕ್ಕ ಬೇರೆ. ಅಲ್ಲಿ ಯಾರೂ ಕೂರಲ್ಲ, ಕೆಳಗೆ ಪಾತ್ರೆ, ನೀರಿನ ಕ್ಯಾನ್ ಎಲ್ಲ ತುಂಬಿರುತ್ತಾರೆ, ಅದು ಕಾಣಬಾರದು. 6 ಅಡಿಯ ಒಂದು ಟೇಬಲ್ಲನ್ನು ನಾಲ್ಕೂ ಕಡೆ ನೆಲದವರೆಗೆ ಮುಚ್ಚಲು 90 ಬೈ 132 ಇಂಚು ಬೇಕು. ಆದರೆ ಹಿಂದಿನ ಕಡೆ ಬಡಿಸುವವರು ನಿಲ್ಲುತ್ತಾರೆ, ಬಗ್ಗಿ ಸಾಮಾನು ತೆಗೀತಾರೆ, ಅಲ್ಲಿ ಬಟ್ಟೆ ಇಳಿದಿದ್ದರೆ ಅವರಿಗೆ ಕಷ್ಟ. ಅದಕ್ಕೇ ಮೇಲೆ ಚಿಕ್ಕ ಬಟ್ಟೆ ಹಾಸಿ, ಮುಂದೆ ಮತ್ತು ಎರಡು ಪಕ್ಕಕ್ಕೆ ಫ್ರಿಲ್ ಕಟ್ಟಿಸಿ. ಮೂರು ಟೇಬಲ್ ಸಾಲಿಗೆ 18 ಅಡಿ, ಪಕ್ಕದ ಎರಡೂವರೆ ಎರಡೂವರೆ ಸೇರಿ 23 ಅಡಿ ಫ್ರಿಲ್. ಎತ್ತರ 29 ಇಂಚು ಇರಲಿ, ನೆಲಕ್ಕೆ ಒಂದು ಇಂಚು ಬಿಡಿ, ಇಲ್ಲಾಂದ್ರೆ ಚೆಲ್ಲಿದ ನೀರನ್ನೆಲ್ಲ ಹೀರಿಕೊಳ್ಳುತ್ತೆ. ಬಾಡಿಗೆಗೆ ಕೇಳುವಾಗ ನೆರಿಗೆ ಹಿಡಿದ ಮೇಲಿನ ಅಳತೆ 23 ಅಡಿ ಅಂತ ಬಿಡಿಸಿ ಹೇಳಿ, ಯಾಕೆಂದರೆ ಒಳ್ಳೆ ನೆರಿಗೆ ಬರಬೇಕಾದರೆ ಬಟ್ಟೆ ಅದರ ಎರಡರಷ್ಟು ಬೇಕು, ಅಂದರೆ 46 ಅಡಿ, ಹತ್ತಿರಹತ್ತಿರ 14 ಮೀಟರ್. ಬಫೆ ಪಾತ್ರೆ ಕೆಳಗೆ ಬರ್ನರ್ ಉರಿಯುತ್ತಿರುತ್ತದೆ. ಪಾಲಿಯೆಸ್ಟರ್‌ನ ಸ್ಯಾಟಿನ್, ನೆಟ್ ಬೆಂಕಿ ತಾಗಿದರೆ ಕರಗಿ ಮೈಗೆ ಅಂಟುತ್ತದೆ, ಆದ್ದರಿಂದ ಆ ಸಾಲಿನ ಮೇಲೆ ನೆಟ್ ಬಟ್ಟೆ ಇಳಿಬಿಟ್ಟು ಅಲಂಕಾರ ಮಾಡಲು ಒಪ್ಪಬೇಡಿ.

ಎಲೆ ಊಟದ ಟೇಬಲ್‌ಗೆ ಬಟ್ಟೆಯೇ ಬೇಡ. ಪೇಪರ್ ರೋಲ್ ಸಾಕು, ಪಂಕ್ತಿ ಎದ್ದ ತಕ್ಷಣ ಸುತ್ತಿ ಎತ್ತಿಬಿಡುತ್ತಾರೆ.

ಅದೇ ಪ್ರಶ್ನೆಯ ಕೆಳಗೆ ಇನ್ನೊಬ್ಬರು: ಮೇಡಂ, ನಮ್ಮ ಅಪಾರ್ಟ್‌ಮೆಂಟ್ ಸಂಘಕ್ಕೆ ಬಾಡಿಗೆ ಬೇಡ ಅಂತ ಕಾಟನ್ ಬಟ್ಟೆ ತಂದು ಹೊಲಿಸುತ್ತಿದ್ದೇವೆ. ಅದೇ 6 ಬೈ ಎರಡೂವರೆ ಅಡಿ ಟೇಬಲ್, ಕೂತು ತಿನ್ನಲು. ಅಂಗಡಿಯಲ್ಲಿ ಸಿಗುವ ಬಟ್ಟೆಯ ಅಗಲ 58 ಇಂಚು. ಜೋಡಿಸಿ ಹೊಲಿಸಬೇಕಾ?

ಉತ್ತರ: ಬೇಕಿಲ್ಲ ಸರ್. 58ರಲ್ಲಿ ಟೇಬಲ್ಲಿನ 30 ಕಳೆದರೆ 28, ಒಂದೊಂದು ಕಡೆಗೆ 14 ಇಂಚು ಇಳಿಯುತ್ತದೆ, ಕೂರುವ ಟೇಬಲ್‌ಗೆ ಅದು ಸರಿಯಾದ ಅಳತೆ. ಅಗಲದ ಅಂಚು ಮಿಲ್‌ನಿಂದಲೇ ಬಿಗಿಯಾಗಿ ಬಂದಿರುತ್ತದೆ, ಅದನ್ನು ಮಡಚಿ ಹೊಲಿಸಬೇಡಿ, ಇದ್ದ ಅಗಲವೂ ಹೋಗುತ್ತೆ. ಉದ್ದಕ್ಕೆ 72, ಎರಡು ಕಡೆ 15ರಂತೆ 30, ಮಡಿಕೆಗೆ 2, ಒಟ್ಟು 104 ಇಂಚು. ಆದರೆ ಕಾಟನ್ ಕುಗ್ಗುತ್ತದೆ. ನೂರಕ್ಕೆ 4 ಕುಗ್ಗಿದರೂ 104 ಇದ್ದದ್ದು 100ಕ್ಕೆ ಬರುತ್ತೆ. ಟೇಬಲ್‌ಗೆ 3 ಮೀಟರ್ ತಗೊಳ್ಳಿ, ರಾತ್ರಿ ನೀರಲ್ಲಿ ನೆನೆಹಾಕಿ ಒಣಗಿಸಿ, ಆಮೇಲೇ ಕತ್ತರಿಸಲು ಕೊಡಿ. ಟೈಲರ್ ಬೇಡ ಅಂದರೂ ಬಿಡಬೇಡಿ.

ಮುಂದೆ ಯಾವಾಗಲಾದರೂ ನೆಲದವರೆಗೆ ಬೇಕಾದರೆ ಆಗ ಜೋಡಿಸಲೇಬೇಕು. ಎರಡು ಅಗಲ ತಂದು ನಟ್ಟನಡುವೆ ಹೊಲಿಗೆ ಹಾಕಿಬಿಡುತ್ತಾರೆ, ಅಲ್ಲಿ ಲೋಟ ಅಲ್ಲಾಡುತ್ತೆ, ನೋಡಲೂ ಚೆನ್ನಾಗಿರಲ್ಲ. ಪೂರ್ತಿ ಅಗಲ ಮಧ್ಯಕ್ಕೆ ಬರಲಿ, ಎರಡು ಪಕ್ಕಕ್ಕೂ ಪಟ್ಟಿ ಕೂಡಿಸಲಿ. ಹೊಲಿಗೆ ಟೇಬಲ್ ಅಂಚಿನಿಂದ ಕೆಳಗೆ ಇಳಿದು ಹೋಗುತ್ತದೆ.

ಮೊದಲು ಕೇಳಿದವರು: ಅಕ್ಕಾ, ಹೋಗಿ ಅಳೆದೆವು, ಸರಿಯಾಗಿ 60 ಇದೆ, ಎತ್ತರ 30. ಈಗ ಅವರು ರೌಂಡ್ 90 ಆ ದಿನ ಖಾಲಿ ಇಲ್ಲ, ಚೌಕದ್ದು ಕೊಡ್ತೀವಿ, 84 ಮತ್ತು 90 ಇದೆ ಅಂತಿದ್ದಾರೆ. ರೌಂಡ್ ಟೇಬಲ್‌ಗೆ ಚೌಕ ನಡೆಯುತ್ತಾ?

ಉತ್ತರ: ನಡೆಯುತ್ತೆ, 84 ತಗೊಳ್ಳಿ. ಚೌಕದಲ್ಲಿ ಮೂಲೆಯಿಂದ ಮೂಲೆಗೆ ಉದ್ದ ಜಾಸ್ತಿ. 90ರದ್ದು ಕರ್ಣದಲ್ಲಿ 127 ಇಂಚು ಬರುತ್ತದೆ, ಅಂದರೆ ನಾಲ್ಕು ಮೂಲೆಯೂ 33 ಇಂಚು ಇಳಿದು ನೆಲದ ಮೇಲೆ ಬೀಳುತ್ತವೆ. 84ರ ಮೂಲೆ 29 ಇಂಚಿನ ಆಸುಪಾಸು, ನೆಲಕ್ಕೆ ತಾಗಲ್ಲ. ನಡುಭಾಗದಲ್ಲಿ 12 ಇಂಚು ಇಳಿಯುತ್ತದೆ, ಕುರ್ಚಿಗಳನ್ನು ಅಲ್ಲೇ ಹಾಕಿಸಿ, ಮೂಲೆಗಳು ಕುರ್ಚಿಗಳ ಮಧ್ಯೆ ಬರುವ ಹಾಗೆ ನೋಡಿಕೊಳ್ಳಿ. 5 ಅಡಿ ಟೇಬಲ್‌ಗೆ 8 ಜನ, ಒಂದೊಂದು ನಡುಭಾಗಕ್ಕೆ ಇಬ್ಬರಂತೆ ಸರಿಹೋಗುತ್ತದೆ. ಬಣ್ಣ ಬಿಳಿ ಬೇಡ, ಸಾಂಬಾರಿನ ಅರಿಶಿನದ ಕಲೆ ಹೋಗಲ್ಲ, ಅದರ ದಂಡ ನಿಮ್ಮ ಮೇಲೇ ಬರುತ್ತೆ. ಮೆರೂನ್ ಇದ್ದರೆ ಕೇಳಿ. ಹತ್ತು ಟೇಬಲ್‌ಗೆ ಒಂದು ಬಟ್ಟೆ ಹೆಚ್ಚಿಗೆ ಇರಲಿ.