ಹುಳಿಯ ಕಲೆ, ರಕ್ತದ ಕಲೆ: ಬಟ್ಟೆ ಒಗೆಯುವ ನೀರು ಎಷ್ಟು ಬಿಸಿಯಿರಬೇಕು?

ಪ್ರಶ್ನೆ:
ನಮ್ಮ ವಾಷಿಂಗ್ ಮಷೀನಿನಲ್ಲಿ ತಣ್ಣೀರು, 30, 40 ಮತ್ತು 60 ಡಿಗ್ರಿ ಸೆಲ್ಸಿಯಸ್ ಎಂಬ ಆಯ್ಕೆಗಳಿವೆ. ನೀರು ಬಿಸಿಯಾದಷ್ಟೂ ಕಲೆ ಬೇಗ ಬಿಡುತ್ತದೆ ಎಂದು ಮನೆಯ ಹಿರಿಯರು ಹೇಳುತ್ತಾರೆ. ಡಿಟರ್ಜೆಂಟ್ ಪೊಟ್ಟಣದ ಮೇಲಾದರೆ ತಣ್ಣೀರೇ ಸಾಕೆಂದು ಬರೆದಿದೆ. ಮದುವೆಯೂಟದಲ್ಲಿ ಬಿಳಿ ಪಂಚೆಯ ಮೇಲೆ ಹುಳಿ ಚೆಲ್ಲಿದೆ, ಮಗನ ಶಾಲೆಯ ಅಂಗಿಗೆ ಮಂಡಿಯ ಗಾಯದ ರಕ್ತ ತಗುಲಿದೆ. ಎರಡನ್ನೂ ಒಟ್ಟಿಗೆ 60 ಡಿಗ್ರಿಯಲ್ಲಿ ಒಗೆಯಬಹುದೇ?

ಮೊದಲ ಉತ್ತರ:
ದಯವಿಟ್ಟು ಒಟ್ಟಿಗೆ ಹಾಕಬೇಡಿ. ರಕ್ತದ ಕಲೆಯಲ್ಲಿರುವುದು ಮುಖ್ಯವಾಗಿ ಪ್ರೋಟೀನು. ಬಿಸಿ ತಾಗಿದ ಮೊಟ್ಟೆಯ ಬಿಳಿಭಾಗದಂತೆ ಅದೂ ಹೆಪ್ಪುಗಟ್ಟಿ ನೂಲಿನ ಎಳೆಗಳಿಗೆ ಕಚ್ಚಿಕೊಳ್ಳುತ್ತದೆ. ಆಮೇಲೆ ಎಷ್ಟು ಉಜ್ಜಿದರೂ ಕಂದು ಗುರುತು ಉಳಿದುಬಿಡುತ್ತದೆ. ಅಂಗಿಯನ್ನು ಮೊದಲು ತಣ್ಣೀರಿನಲ್ಲಿ ನೆನೆಹಾಕಿ, ನೀರು ಕೆಂಪಾದಾಗಲೆಲ್ಲ ಬದಲಿಸಿ, ಆನಂತರವೇ ಡಿಟರ್ಜೆಂಟ್ ಬಳಸಿ. ಹಾಲು, ಮೊಸರು, ಬೆವರಿನ ಕಲೆಗಳಿಗೂ ಇದೇ ಕ್ರಮ.

ಎರಡನೆಯ ಉತ್ತರ:
ಹುಳಿಯ ಕಲೆಯ ಸ್ವಭಾವವೇ ಬೇರೆ, ಏಕೆಂದರೆ ಅದರಲ್ಲಿ ಒಗ್ಗರಣೆಯ ಎಣ್ಣೆಯೂ ಅರಿಶಿನವೂ ಬೆರೆತಿರುತ್ತವೆ. ತೆಂಗಿನೆಣ್ಣೆ ಸುಮಾರು 24 ಡಿಗ್ರಿಗಿಂತ ಕೆಳಗೆ ಗಟ್ಟಿಯಾಗುತ್ತದೆ, ತುಪ್ಪ ಪೂರ್ತಿಯಾಗಿ ಕರಗಲು ಇನ್ನಷ್ಟು ಬಿಸಿ ಬೇಕು; ಜಿಡ್ಡು ಕರಗಿ ಹರಿಯುವಂತಿದ್ದರೆ ಮಾತ್ರ ಡಿಟರ್ಜೆಂಟಿನ ಕಣಗಳು ಅದನ್ನು ಸುಲಭವಾಗಿ ಸುತ್ತುವರಿದು ನೀರಿಗೆ ಎತ್ತಿಕೊಳ್ಳಬಲ್ಲವು. ಆದ್ದರಿಂದ ಪಂಚೆಗೆ 40 ಡಿಗ್ರಿ ಸೂಕ್ತ.

ಪೊಟ್ಟಣದ ಮಾತೂ ಸುಳ್ಳಲ್ಲ. ಈಗಿನ ಅನೇಕ ಪುಡಿಗಳಲ್ಲಿ ಪ್ರೋಟೀನು, ಪಿಷ್ಟ ಮತ್ತು ಕೊಬ್ಬನ್ನು ತುಂಡರಿಸುವ ಕಿಣ್ವಗಳಿರುತ್ತವೆ. ಜರ್ಮನಿಯ ಓಟೋ ರ‍್ಯೋಮ್ 1913ರಷ್ಟು ಹಿಂದೆಯೇ ಬಟ್ಟೆ ಒಗೆಯಲು ಕಿಣ್ವ ಬಳಸುವ ವಿಧಾನಕ್ಕೆ ಪೇಟೆಂಟ್ ಪಡೆದಿದ್ದರು. ಸಾಮಾನ್ಯವಾಗಿ ಇವು ಬೆಚ್ಚಗಿನ ನೀರಿನಲ್ಲಿ ಚುರುಕಾಗಿದ್ದು, 60 ಡಿಗ್ರಿ ದಾಟಿದಂತೆ ಶಕ್ತಿ ಕಳೆದುಕೊಳ್ಳುತ್ತವೆ. ತಣ್ಣೀರಿಗೆಂದೇ ರೂಪಿಸಿದ ಕಿಣ್ವಗಳೂ ಇವೆ. ಪುಡಿಯಲ್ಲಿ ಸೋಡಿಯಂ ಪರ್ಕಾರ್ಬೊನೇಟ್ ಎಂಬ ಬಿಳುಪುಕಾರಕ ಇದ್ದರೆ ಮಾತು ಬೇರೆ: ಅದರಿಂದ ಹೊರಬರುವ ಹೈಡ್ರೋಜನ್ ಪೆರಾಕ್ಸೈಡ್ ಕಾಫಿ, ಚಹಾದ ಬಣ್ಣವನ್ನು ತೆಗೆಯುವುದು ಹೆಚ್ಚು ಬಿಸಿಯಲ್ಲಿಯೇ.

ಇನ್ನು ಅರಿಶಿನ. ಅದರ ಬಣ್ಣವಾದ ಕರ್ಕ್ಯುಮಿನ್ ನೀರಿನಲ್ಲಿ ಕರಗುವುದಿಲ್ಲವೆನ್ನಬಹುದು, ಹಾಗಾಗಿ ಬಿಸಿನೀರೊಂದನ್ನೇ ನೆಚ್ಚಿಕೊಂಡರೆ ಫಲವಿಲ್ಲ. ಸಾಬೂನು ತಾಗಿದೊಡನೆ ಕಲೆ ಕೆಂಪಾದರೆ ಗಾಬರಿಯಾಗಬೇಡಿ. ಕ್ಷಾರಕ್ಕೆ ಅರಿಶಿನ ತೋರುವ ಸಹಜ ಪ್ರತಿಕ್ರಿಯೆ ಅದು. ಜಿಡ್ಡು ಹೋದ ಮೇಲೆ ಒದ್ದೆ ಪಂಚೆಯನ್ನು ಚುರುಕು ಬಿಸಿಲಿಗೆ ಹರವಿ. ಕರ್ಕ್ಯುಮಿನ್ ಬೆಳಕಿಗೆ ಒಡೆಯುತ್ತದೆ. ನಮ್ಮ ಅಜ್ಜಿಯಂದಿರ ಈ ಉಪಾಯವನ್ನು ಮೀರಿಸುವ ಪುಡಿಯನ್ನು ನಾನಂತೂ ಕಂಡಿಲ್ಲ.

ಮೂರನೆಯ ಉತ್ತರ:
ಮೇಲಿನವರ ಮಾತಿಗೆ ಒಂದು ಎಚ್ಚರಿಕೆ ಸೇರಿಸಬೇಕು. ಮದುವೆಗೆ ಉಟ್ಟ ಪಂಚೆ ಎಂದಿದ್ದೀರಿ. ಅದು ರೇಷ್ಮೆಯದಾಗಿದ್ದರೆ ಅಥವಾ ಅಂಚಿನಲ್ಲಿ ರೇಷ್ಮೆಯಿದ್ದರೆ 40 ಡಿಗ್ರಿಯೂ ಬೇಡ, ಕಿಣ್ವದ ಪುಡಿಯೂ ಬೇಡ. ರೇಷ್ಮೆಯೂ ಪ್ರೋಟೀನೇ ಆದ್ದರಿಂದ ಕಲೆಯನ್ನು ಕತ್ತರಿಸುವ ಕಿಣ್ವವು ಎಳೆಯನ್ನೂ ಸವೆಸುತ್ತದೆ. ಬೋರ್‌ವೆಲ್ ನೀರು ಬಳಸುವವರಾದರೆ ಬಾರ್ ಸಾಬೂನನ್ನೂ ದೂರವಿಡಿ. ಗಡಸು ನೀರಿನ ಕ್ಯಾಲ್ಸಿಯಂ ಜೊತೆ ಸೇರಿ ಅದು ಬಟ್ಟೆಯ ಮೇಲೆ ಬೂದು ಪದರವಾಗಿ ಕೂರುತ್ತದೆ.

ಪ್ರಶ್ನೆ ಕೇಳಿದವರು:
ಪಂಚೆ ಪೂರ್ತಿ ಹತ್ತಿಯದೇ. ಆದರೆ ಅಂಗಿಯ ರಕ್ತ ಆಗಲೇ ಒಣಗಿಹೋಗಿದೆ. ಈಗಲೂ ತಣ್ಣೀರೇ ಸಾಕೇ?

ಮೊದಲ ಉತ್ತರ ಬರೆದವರು:
ಒಣಗಿದ್ದರೂ ಆರಂಭ ತಣ್ಣೀರಿನಲ್ಲೇ ಆಗಬೇಕು. ಗುರುತು ಉಳಿದರೆ ಕಿಣ್ವವಿರುವ ಪುಡಿಯನ್ನು ಉಗುರುಬೆಚ್ಚಗಿನ ನೀರಿನಲ್ಲಿ ಕದಡಿ ಅಂಗಿಯನ್ನು ಕೆಲವು ಗಂಟೆ ನೆನೆಯಲು ಬಿಡಿ. ಕಲೆ ಸಂಪೂರ್ಣ ಹೋಗುವವರೆಗೆ ಇಸ್ತ್ರಿ ಹಾಕಬೇಡಿ.